ಹತ್ತನೇ ಪಟ್ಟಿ

ಕಾರು ಓಡಿಸಲು ಬಾರದವನು ಕಾರು ಕೊಂಡ ಎಂದರೆ ಜನ ನಗದೆ ಇರುತ್ತಾರೆಯೇ? ಅದೂ ಎಂಥ ಕಾರು, ಮೂತಿಯಿಂದ ಬಾಲದವರೆಗೆ ನೋಡಿ ಮುಗಿಸಲು ಎರಡು ಸಲ ಕತ್ತು ತಿರುಗಿಸಬೇಕಾದಂಥದ್ದು. ಕಡುನೀಲಿ ಮೈ, ಮುಖ ನೋಡಿಕೊಂಡು ತಲೆ ಬಾಚಬಹುದಾದ ಬಂಪರು, ಒಳಗೆ ಸ್ಟಿಯರಿಂಗಿನ ಹಿಂದೆ ಉದ್ದಕ್ಕೂ ನುಣ್ಣನೆಯ ಮರದ ಹಲಗೆ, ಅದರ ನಡುವೆ ಟಿಕ್ ಟಿಕ್ ಎನ್ನುವ ಪುಟ್ಟ ಗಡಿಯಾರ. ವಯಸ್ಸು ನಲವತ್ತೈದು. ಒಂದು ಕಾಲಕ್ಕೆ ಊರಿನಲ್ಲಿ ಅಂಥದ್ದು ಇದ್ದದ್ದು ಇದೊಂದೇ. ಅದು ಸೀಟಪ್ಪನ ಅಂಗಡಿಯ ಮುಂದೆ ಬಂದು ನಿಂತ ದಿನ ಇಡೀ ಬೀದಿ ಕೈಕೆಲಸ ಬಿಟ್ಟು ಬಂತು. "ಯಾರ್ದು ಸೀಟಪ್ಪ, ರಿಪೇರಿಗೆ ಬಂತಾ?" ಎಂದು ಕೇಳಿದ ಮೊದಲ ಮೂವರಿಗೆ ಅವನು ಬಾಯಿ ಬಾರದೆ "ಹ್ಞೂಂ" ಎಂದೇ ಹೇಳಿಬಿಟ್ಟ. ನಾಲ್ಕನೆಯವನಿಗೆ ಧೈರ್ಯ ಮಾಡಿ "ನಂದೇ" ಎಂದ. ಹೇಳಿದ ಮೇಲೆ ಅವನಿಗೇ ಕಿವಿ ಬಿಸಿಯಾಯಿತು.

ಸೀಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತೈದು ವರ್ಷದಿಂದ ಗಾಡಿಗಳ ಸೀಟು ಹೊಲಿದೂ ಹೊಲಿದೂ ಅಂಟಿಕೊಂಡದ್ದು. ನಿಜವಾದ ಹೆಸರು ಈಗ ಬ್ಯಾಂಕಿನ ಪುಸ್ತಕಕ್ಕೆ ಮಾತ್ರ ಗೊತ್ತು. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿ ದಪ್ಪ ಚರ್ಮಕ್ಕೂ ಸೂಜಿ ಇಳಿಸುವ ಭಾರಿ ಮಶೀನು, ಸುತ್ತಿಟ್ಟ ಚರ್ಮದ ಸುರುಳಿಗಳು, ಮೂಲೆಯಲ್ಲಿ ನಾರಿನ ರಾಶಿ, ಗೋಡೆಯ ಮೇಲೆ ಅವನೇ ಬರೆದು ತೂಗುಹಾಕಿದ ಬೋರ್ಡು: 'ಸೀಟಿನ ಮೇಲೆ ಕೂತು ತಿನ್ನಬೇಡಿ, ಕುಡಿಯಬೇಡಿ.' ಊರಿನ ದೊಡ್ಡ ದೊಡ್ಡ ಕಾರುಗಳಲ್ಲೆಲ್ಲ ಅವನು ಕೂತಿದ್ದಾನೆ, ಒಂದರಲ್ಲೂ ಹೋಗಿಲ್ಲ. ಅವನ ಸವಾರಿ ಏನಿದ್ದರೂ ಸೈಕಲ್ಲು. ಮನೆಯಲ್ಲಿ ಗಾಡಿ ಓಡಿಸುವವಳು ಮಗಳು. ಅವಳು ಸಿಟಿ ಬಸ್ಸಿನ ಡ್ರೈವರು. ಹುಟ್ಟಿದ್ದೇ ಕಾರಿನಲ್ಲಿ, ಇನ್ನೇನು ಓಡಿಸದೆ ಬಿಡುತ್ತಾಳೆ ಎಂದು ನೆಂಟರು ತಮಾಷೆ ಮಾಡುತ್ತಾರೆ.

ತಮಾಷೆಯಲ್ಲ, ನಿಜವಾಗಿಯೂ ಅವಳು ಹುಟ್ಟಿದ್ದು ಕಾರಿನಲ್ಲಿ. ಇದೇ ಕಾರಿನ ಹಿಂದಿನ ಸೀಟಿನಲ್ಲಿ.

ಇಪ್ಪತ್ತಾರು ವರ್ಷದ ಕೆಳಗಿನ ಮಾತು. ಮಟಮಟ ಮಧ್ಯಾಹ್ನ ಸೀಟಪ್ಪನ ಹೆಂಡತಿಗೆ ನೋವು ಶುರುವಾಯಿತು, ಹೇಳಿದ ದಿನಕ್ಕಿಂತ ಎರಡು ವಾರ ಮೊದಲೇ. ಕಾರಿನ ಒಡತಿ ಡಾಕ್ಟರಮ್ಮ ಆಸ್ಪತ್ರೆಯ ಆಯಾಳನ್ನು ಕೂರಿಸಿಕೊಂಡು ತಾವೇ ಗಾಡಿ ತಂದರು. ಹೊರಟು ಅರ್ಧ ದಾರಿ ಆಗಿತ್ತು, ರೈಲ್ವೆ ಗೇಟು ಬಿತ್ತು. ಬಂದದ್ದು ಗೂಡ್ಸ್ ರೈಲು, ಅದಕ್ಕೆ ತಲೆಯುಂಟು ಬಾಲವಿಲ್ಲ. ಡಾಕ್ಟರಮ್ಮ ಇಂಜಿನ್ ನಿಲ್ಲಿಸಿ, ತೋಳೇರಿಸಿ, ಹಿಂದಿನ ಸೀಟಿಗೆ ಹೋದರು. ಚರ್ಮ ತರಲು ಪೇಟೆಗೆ ಹೋಗಿದ್ದ ಸೀಟಪ್ಪ ಸುದ್ದಿ ಕೇಳಿ, ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತ ಗೇಟಿಗೆ ಬರುವುದಕ್ಕೂ ಒಳಗಿನಿಂದ ಮಗು ಅಳುವುದಕ್ಕೂ ಸರಿಹೋಯಿತು. ಆ ಗಲಾಟೆಯಲ್ಲಿ ರೈಲಿನ ಕೊನೆಯ ಡಬ್ಬಿ ಯಾವಾಗ ಹೋಯಿತೋ, ಗೇಟು ಯಾವಾಗ ಎದ್ದಿತೋ ಯಾರಿಗೂ ನೆನಪಿಲ್ಲ.

ತಾಯಿ ಮಗು ಕ್ಷೇಮ. ಸೀಟು ಮಾತ್ರ ಕ್ಷೇಮವಾಗಿರಲಿಲ್ಲ. ಡಾಕ್ಟರಮ್ಮ ಬೇಡವೆಂದರೂ ಕೇಳದೆ ಸೀಟಪ್ಪ ಕಾರು ತರಿಸಿಕೊಂಡು, ಕೆಟ್ಟುಹೋಗಿದ್ದ ಅರ್ಧ ಸೀಟಿಗೆ ಹೊಸ ಚರ್ಮ ಹೊಲಿದ. ಆ ಸೀಟುಗಳ ಚೆಂದವಿದ್ದದ್ದು ಒಳಗೆ ಹತ್ತಿ ತುಂಬಿ ಉಬ್ಬಿಸಿದ ಉದ್ದನೆಯ ಪಟ್ಟಿಗಳಲ್ಲಿ. ಒಬ್ಬೊಬ್ಬರು ಕೂರುವ ಜಾಗಕ್ಕೂ ಎಣಿಸಿ ಒಂಬತ್ತು. ಮೂರು ದಿನ ನಿದ್ದೆಗೆಟ್ಟು, ಮಗಳು ಹುಟ್ಟಿದ ಸಂಭ್ರಮದಲ್ಲಿ ಕಾಲು ನೆಲಕ್ಕೆ ತಾಗದೆ ಓಡಾಡುತ್ತಿದ್ದ ಸೀಟಪ್ಪ ಚಾಕ್‌ಪೀಸಿನಲ್ಲಿ ಗೆರೆ ಎಳೆಯುವಾಗ ಹತ್ತು ಎಳೆದ. ಹೊಲಿದು, ತುಂಬಿ, ಕೂರಿಸಿದ ಮೇಲೆ ನೋಡಿದರೆ ಎಡಕ್ಕೆ ಒಂಬತ್ತು, ಬಲಕ್ಕೆ ಹತ್ತು. ಬಿಚ್ಚೋಣ ಎನ್ನುವಷ್ಟರಲ್ಲಿ ಡಾಕ್ಟರಮ್ಮ ಬಂದು "ಚೆನ್ನಾಗಿದೆ ಕಣಪ್ಪ" ಎಂದು ಹತ್ತಿ ಹೊರಟೇಬಿಟ್ಟರು. ಇವನ ಬಾಯಿಗೆ ಬೀಗ ಬಿತ್ತು.

ಅಂದಿನಿಂದ ಆ ಕಾರು ಬೀದಿಯಲ್ಲಿ ಹೋದಾಗಲೆಲ್ಲ ಜನರಿಗೆ ಕಾರು ಕಾಣಿಸುತ್ತಿತ್ತು, ಸೀಟಪ್ಪನಿಗೆ ಹತ್ತನೇ ಪಟ್ಟಿ ಕಾಣಿಸುತ್ತಿತ್ತು. ಪಟ್ಟಿಯ ಗುಟ್ಟು ಯಾರಿಗೂ ಹೇಳಲಿಲ್ಲ. ಹೆರಿಗೆಯ ಕಥೆಯನ್ನು ಮಾತ್ರ ನಾಲ್ಕು ಜನ ಸೇರಿದಲ್ಲೆಲ್ಲ ಹೇಳಿದ. ಕೊನೆಗೆ ಒಂದು ಒಗ್ಗರಣೆ: "ನಮ್ಮನೆಯೋಳು ಅಷ್ಟು ದೊಡ್ಡ ಕಾರಿನ ಸೀಟನ್ನೇ ಹಾಳು ಮಾಡಿ ಕೂತ್ಲು, ನಾನು ಹೊಲ್ದು ಮಾನ ಉಳಿಸ್ದೆ." ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಹೆಂಡತಿ ನೀರು ತರಲು ಒಳಗೆ ಹೋಗುತ್ತಿದ್ದಳು. ಇಪ್ಪತ್ತಾರು ವರ್ಷ ಇವನು ಅದನ್ನು ಗಮನಿಸಲೇ ಇಲ್ಲ.

ಈಗ ಡಾಕ್ಟರಮ್ಮನಿಗೆ ಎಂಬತ್ತೆರಡು. ಕಣ್ಣು ಮಂಜು, ಗಾಡಿ ಓಡಿಸಬೇಡಿ ಎಂದು ಅವರ ಡಾಕ್ಟರೇ ಗದರಿಸಿದ್ದರು. ಕಾರು ಮಾರುತ್ತಾರೆಂಬ ಸುದ್ದಿ ಹೊರಬಿದ್ದದ್ದೇ ಹೋಟೆಲು ಮಾಲೀಕನೊಬ್ಬ ಓಡಿಬಂದ. ಸೀಟು ಹೇಗಿದೆ ನೋಡಲು ಜೊತೆಗೆ ಸೀಟಪ್ಪನನ್ನೂ ಕರೆತಂದ. "ಹೋಟ್ಲು ಬಾಗ್ಲಲ್ಲಿ ಗಾಜಿನ ಕೋಣೆ ಕಟ್ಟಿಸಿ ನಿಲ್ಲಿಸ್ತೀನಿ ಮೇಡಂ, ಸುತ್ತ ದೀಪ ಹಾಕಿಸ್ತೀನಿ" ಎಂದ ಮಾಲೀಕ.

"ಓಡ್ಸಲ್ವಾ?"

"ಇಂಥದ್ದನ್ನ ಯಾರಾದ್ರೂ ಓಡಿಸ್ತಾರಾ ಮೇಡಂ?"

ಡಾಕ್ಟರಮ್ಮ ಅವನನ್ನು ಬಿಟ್ಟು, ಹಿಂದಿನ ಸೀಟಿನೊಳಗೆ ಅರ್ಧ ಮೈ ತೂರಿಸಿದ್ದ ಸೀಟಪ್ಪನ ಕಡೆ ತಿರುಗಿದರು. "ಏನಪ್ಪ, ಇದು ನಿಂದಾಗಿದ್ರೆ ಎಲ್ಲಿಗೆ ಹೋಗ್ತಿದ್ದೆ?"

ಸೀಟಪ್ಪ ಯೋಚನೆಯನ್ನೇ ಮಾಡಲಿಲ್ಲ. "ಎಲ್ಲಿಗಾದ್ರೂ ಸರಿ ಮೇಡಂ. ಹಿಂದ್ಗಡೆ ನನ್ನ ಹೆಂಡ್ತಿ ಕೂತಿರ್ಬೇಕು ಅಷ್ಟೆ."

ಅಷ್ಟೇ ಮಾತು. ಮಾರನೆಯ ದಿನ ಡಾಕ್ಟರಮ್ಮ ಹೇಳಿಕಳಿಸಿದರು. ಹೊಸ ಮಶೀನಿಗೆಂದು ಗಂಡ ಹೆಂಡತಿ ಕೂಡಿಟ್ಟದ್ದರಲ್ಲಿ ಆಗುವಂಥ ಬೆಲೆಯನ್ನೇ ಹೇಳಿದರು. "ಸೀಟು ನೋಡ್ಲಿ ಅಂತ ಕರ್ಕೊಂಡು ಹೋದ್ರೆ ಕಾರನ್ನೇ ಎತ್ಕೊಂಡು ಬಂದ್ನಲ್ಲ" ಎಂದು ಹೋಟೆಲು ಮಾಲೀಕ ಇವತ್ತಿಗೂ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಹೆಂಡತಿಯೂ ಬೇಡವೆನ್ನಲಿಲ್ಲ. "ನಿಮ್ಮ ಆಸೆ ಯಾಕೆ ಮುರೀಲಿ, ತಗೊಳ್ಳಿ. ಮಶೀನು ಇನ್ನೆರಡು ವರ್ಷ ಓಡುತ್ತೆ" ಎಂದಳು. ಕಾರು ಬಂದಾಗ ಬಾಗಿಲಲ್ಲಿ ನಿಂತು ನೋಡಿ, ಚೆನ್ನಾಗಿದೆ ಎಂದು ಹೇಳಿ, ಒಳಗೆ ಹೋಗಿ ಕುಕ್ಕರ್ ಇಟ್ಟಳು.

ಮೊದಲ ಭಾನುವಾರ ಮಗಳು ಸ್ಟಿಯರಿಂಗ್ ಹಿಡಿದು ಕೂತಳು. ಸೀಟಪ್ಪ ಇಸ್ತ್ರಿ ಅಂಗಿ ತೊಟ್ಟು, ಹಿಂದಿನ ಬಾಗಿಲು ತೆಗೆದು, "ಬಾರೇ" ಎಂದು ಕರೆದ.

"ನೀವಿಬ್ರೂ ಹೋಗ್ಬನ್ನಿ. ನಂಗೆ ಮಂಡಿ ನೋವು."

"ಹತ್ತೋದು ಒಂದೇ ಹೆಜ್ಜೆ ಕಣೇ. ಬಸ್ಸಿಗಾದ್ರೆ ಮೂರು ಮೆಟ್ಲು ಹತ್ತಲ್ವಾ ನೀನು?"

"ಬಸ್ಸು ಬಸ್ಸು. ಅದು ಅದು" ಎಂದು ಅವಳು ಒಳಗೆ ಹೋದಳು.

ಅಪ್ಪ ಮಗಳು ಊರು ಸುತ್ತಿದರು. ಕಾರು ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಹೋಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಸ್ಕೂಟರಿನವನು ಸಲಾಮು ಹೊಡೆದ. ಸೀಟಪ್ಪ ನಕ್ಕ, ಕೈ ಬೀಸಿದ, ಮಧ್ಯೆ ಮಧ್ಯೆ ತಿರುಗಿ ಹಿಂದಿನ ಸೀಟು ನೋಡಿದ. ಅದು ಖಾಲಿ ಇತ್ತು. ಎರಡನೆಯ ಭಾನುವಾರ ಹೆಂಡತಿಗೆ ಪೆಟ್ರೋಲು ವಾಸನೆ ಆಗುವುದಿಲ್ಲ ಎಂದಾಯಿತು, ಮೂರನೆಯದಕ್ಕೆ ತಲೆನೋವು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಇವನು ಗೊಣಗಿದ. ಅವಳು ಕೂರದ ಮೇಲೆ ಈ ಕಾರಿದ್ದೂ ಒಂದೇ, ಬಿಟ್ಟೂ ಒಂದೇ. ಇದಕ್ಕಿಂತ ಹೋಟೆಲಿನ ಗಾಜಿನ ಕೋಣೆಯೇ ವಾಸಿಯಿತ್ತಲ್ಲ ಎನಿಸಿತು ಅವನಿಗೆ.

ಸೋಮವಾರ ಬೆಳಗ್ಗೆ ಎದ್ದವನೇ ಹಿಂದಿನ ಸೀಟು ಬಿಚ್ಚಿದ. ಆ ಹತ್ತನೇ ಪಟ್ಟಿಯನ್ನು ಇವತ್ತು ಸರಿಮಾಡಿಯೇ ಸೈ ಎಂದುಕೊಂಡ. ಹೆಂಡತಿ ಹತ್ತದಿರುವುದಕ್ಕೂ ಪಟ್ಟಿಗೂ ಏನು ಸಂಬಂಧ ಎಂದು ಕೇಳಬೇಡಿ. ಸೀಟು ಹೊಲಿಯುವವನಿಗೆ ಸಿಟ್ಟು ಬಂದರೂ ಸೀಟೇ, ದುಃಖ ಬಂದರೂ ಸೀಟೇ. ಬಿಚ್ಚುವುದು ಬಿಚ್ಚಿದ್ದೇನೆ ಎಂದು ಕೈಯೂರಲು ಸೀಟಿನ ನಡುವೆ ಮಡಚಿ ಇಳಿಸುವ ಕೈದಿಂಬನ್ನೂ ಕಳಚಿದ. ಹಿಂದಿನ ಸಲ ಅದರ ತಂಟೆಗೆ ಹೋಗಿರಲಿಲ್ಲ.

ಅವನಿಗೆ ಕೆಲಸ ಕಲಿಸಿದ ಗುರುವಿನದು ಒಂದು ಕಟ್ಟಪ್ಪಣೆ ಇತ್ತು. ಸೀಟಿನ ಹೊಟ್ಟೆಯಲ್ಲಿ ಸಿಕ್ಕಿದ್ದು ಗಾಡಿಯ ಯಜಮಾನರದು, ಒಂದು ಗುಂಡುಪಿನ್ನೂ ನಮ್ಮದಲ್ಲ. ಸಿಕ್ಕಿದ್ದನ್ನು ತಿರುಗಿಸಿ ಮುರುಗಿಸಿ ನೋಡಲೂ ಬಾರದು, ಜನರ ಗುಟ್ಟು ನಮಗೇಕೆ? ಗುಡಿಸಿ ಬಟ್ಟೆಯಲ್ಲಿ ಹಾಕಿ, ದಾರ ಸುತ್ತಿ, ಕೈಗೆ ಕೊಡಬೇಕು. ಸೀಟಪ್ಪ ಮೂವತ್ತೈದು ವರ್ಷ ಹಾಗೇ ಮಾಡಿದವನು. ಇವತ್ತೂ ಸೀಟಿನ ಸಂದಿ, ಕೈದಿಂಬಿನ ಗೂಡು ಎಲ್ಲ ಗುಡಿಸಿದ. ಧೂಳು, ನಾರಿನ ಜೊತೆಗೆ ಏನೇನೋ ಟಣಟಣ ಎಂದು ಬಿತ್ತು. ನೋಡದೆ ಗಂಟು ಕಟ್ಟಿದ. ಅಷ್ಟುದ್ದದ ಕಾರಿನ ಪಕ್ಕದಿಂದ ಸೈಕಲ್ ಎಳೆದುಕೊಂಡು ಡಾಕ್ಟರಮ್ಮನ ಮನೆಗೆ ಹೋದ.

ಡಾಕ್ಟರಮ್ಮ ಗಂಟು ನೋಡಿದರು. "ಏನಪ್ಪ ಇದು?"

"ಸೀಟಲ್ಲಿ ಸಿಕ್ಕಿದ್ದು ಮೇಡಂ."

"ನಂಗ್ಯಾಕೆ ಕೊಡ್ತಿದೀಯ?"

"ಗಾಡಿ ಯಜಮಾನ್ರಿಗೇ ಕೊಡ್ಬೇಕಲ್ಲ ಮೇಡಂ, ಅದು ನಮ್ಮ ಪದ್ಧತಿ."

"ಒಳ್ಳೇ ಪದ್ಧತಿ. ಗಾಡಿ ಯಜಮಾನ್ರು ಯಾರು?"

ಕಾಗದ ಪತ್ರ ಸೀಟಪ್ಪನ ಕೈಗೆ ಬಂದು ತಿಂಗಳಾಗಿತ್ತು, ಬೀದಿಗೆಲ್ಲ ನಂದೇ ಎಂದು ಹೇಳಿದ್ದೂ ಆಗಿತ್ತು. ಆದರೂ ಆ ಮಾತು ಅವನ ತಲೆಗೆ ಇಳಿದದ್ದು ಆ ಗಳಿಗೆಯಲ್ಲೇ. ಡಾಕ್ಟರಮ್ಮ ಕೆಮ್ಮು ಬರುವ ತನಕ ನಕ್ಕರು. ಆಮೇಲೆ ತಾವೇ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದರು. ಎರಡು ಗುಂಡಿ, ಒಂದು ಪೆನ್ನಿನ ಕ್ಯಾಪು, ಹಲ್ಲು ಮುರಿದ ಬಾಚಣಿಗೆ, ನಾಲ್ಕು ನಾಣ್ಯ. ಜೊತೆಗೆ ನಾರು ಸುತ್ತಿಕೊಂಡಿದ್ದ ಒಂದು ಓಲೆ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, "ನಾನು ಜನ್ಮದಲ್ಲೇ ಕಿವಿಗೆ ಏನೂ ಹಾಕಿದೋಳಲ್ಲ" ಎಂದು ಅವನ ಅಂಗೈಗೆ ಹಾಕಿದರು.

ಸೀಟಪ್ಪ ಹೆಬ್ಬೆರಳಿನಿಂದ ಉಜ್ಜಿದ. ಕೆಂಪು ಕಲ್ಲು ಮಿಣುಕಿತು. ಮದುವೆಗೆ ಅವನೇ ಕೊಡಿಸಿದ ಜೋಡಿ ಅದು. ಹೆರಿಗೆಯ ದಿನ ಆಸ್ಪತ್ರೆಯಲ್ಲಿ ನೋಡಿಕೊಂಡರೆ ಹೆಂಡತಿಯ ಒಂದು ಕಿವಿ ಬರಿದು. ಮೈ ಒರೆಸಿ ಬಟ್ಟೆ ಬದಲಿಸಿದ ಆಯಾಳೇ ಎತ್ತಿಕೊಂಡಳು ಎಂದು ಅವಳು ಅಂದೇ ತೀರ್ಮಾನಿಸಿದ್ದಳು. ಎರಡು ಬೀದಿ ಆಚೆ ಇರುವ ಆ ಆಯಮ್ಮ ಎದುರಾದರೆ ಇಪ್ಪತ್ತಾರು ವರ್ಷದಿಂದ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

"ಅದ್ಸರಿ, ಚೆನ್ನಾಗಿದ್ದ ಸೀಟನ್ನ ಯಾಕೆ ಬಿಚ್ಚಿದೆ?" ಎಂದರು ಡಾಕ್ಟರಮ್ಮ.

ಸೀಟಪ್ಪ ತಲೆ ತಗ್ಗಿಸಿ ಒಪ್ಪಿಕೊಂಡ. "ಒಂದು ಪಟ್ಟಿ ಹೆಚ್ಚು ಹೊಲಿದ್ಬಿಟ್ಟಿದ್ದೆ ಮೇಡಂ. ಒಂಬತ್ತಿರ್ಬೇಕು, ಹತ್ತಾಗಿದೆ. ಆವತ್ತೇ ಹೇಳ್ಬೇಕಿತ್ತು."

"ಗೊತ್ತು. ಮನೆಗೆ ಬಂದು ಎಣಿಸಿದ್ದೆ. ಹತ್ತನೇದು ಮಗೂಗೆ ಅಂತ ಬೇಕೂಂತ್ಲೇ ಹಾಕಿದೀಯ ಅಂದ್ಕೊಂಡೆ."

"ಇಲ್ಲ ಮೇಡಂ, ತಪ್ಪು ಅದು."

"ಸುಮ್ನಿರಪ್ಪ. ಇಷ್ಟು ವರ್ಷ ಈ ಕಾರಲ್ಲಿ ಕೂತೋರಿಗೆಲ್ಲ ಹಾಗೇ ಹೇಳ್ಕೊಂಡು ಬಂದಿದೀನಿ. ಇಲ್ಲೊಂದು ಮಗು ಹುಟ್ಟಿದೆ, ಎಣಿಸಿ ನೋಡಿ, ಅದಕ್ಕೂ ಒಂದು ಪಟ್ಟಿ ಇದೆ ಅಂತ. ಈ ವಯಸ್ಸಲ್ಲಿ ನನ್ನ ಸುಳ್ಳಿ ಮಾಡ್ಬೇಡ."

ಸೀಟಪ್ಪ ಸೈಕಲ್ ತುಳಿಯಲಿಲ್ಲ, ಹಾರಿದ. ಹೆಂಡತಿ ಅಡುಗೆಮನೆಯಲ್ಲಿ ಕಾಳು ಆರಿಸುತ್ತಿದ್ದಳು. ಓಲೆಯನ್ನು ಮೊರದಲ್ಲಿ ಕಾಳಿನ ನಡುವೆ ಇಟ್ಟ. ಅವಳು ಕಲ್ಲೆಂದು ತೆಗೆದು ಎಸೆಯಲು ಹೋದವಳು ಕೈ ತಡೆದಳು. ಎದ್ದು ಗುಂಡಿಗಳ ಡಬ್ಬಿ ತಂದು, ತಳದಲ್ಲಿದ್ದ ಒಂಟಿ ಓಲೆ ತೆಗೆದು, ಎರಡನ್ನೂ ಅಂಗೈಯಲ್ಲಿ ಜೋಡಿಸಿದಳು.

"ಎಲ್ಲಿತ್ತು?"

"ಕಾರಲ್ಲಿ. ಕೈದಿಂಬಿನ ಗೂಡಲ್ಲಿ."

"ಅಯ್ಯೋ, ಆಯಮ್ಮ" ಎಂದು ಅವಳು ಕುಸಿದು ಕೂತಳು. "ಎಂಥಾ ಪಾಪ ಕಟ್ಕೊಂಡೆನ್ರೀ ನಾನು."

ಸೀಟಪ್ಪ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದ. ಗಂಟು, ಡಾಕ್ಟರಮ್ಮನ ನಗು, ಹತ್ತನೇ ಪಟ್ಟಿ. ಪಟ್ಟಿಯ ಮಾತು ಬಂದಾಗ ಅವಳು ಕತ್ತೆತ್ತಿದಳು. "ಡಾಕ್ಟರಮ್ಮ ಹಾಗಂದ್ರಾ? ಮಗು ಹುಟ್ಟಿದ ಸೀಟು ಅಂತ?"

"ಕೂತೋರಿಗೆಲ್ಲ ಹೇಳ್ತಿದ್ರಂತೆ."

ಅವಳು ಓಲೆಗಳನ್ನು ಮೊರದ ಅಂಚಿನಲ್ಲಿಟ್ಟಳು. "ನೀವು ಎಲ್ಲರಿಗೂ ಹಾಳಾದ ಸೀಟು ಅಂತ ಹೇಳ್ತಿದ್ರಿ. ಆವತ್ತು ಹತ್ತುವಾಗ್ಲೇ ನಾನು ಒಂದು ಹಳೇ ಬೆಡ್‌ಶೀಟ್ ಹಾಸಿ ಅಂತ ಬೇಡ್ಕೊಂಡೆ. ಅಂಥಾ ಸೀಟು, ಬೇರೆಯೋರ್ದು. ಯಾರಿಗೂ ಪುರುಸೊತ್ತಿರ್ಲಿಲ್ಲ. ಆಮೇಲೆ ನೀವು ನಾಲ್ಕು ಜನರ ಮುಂದೆ ಹೇಳಿ ನಗಿಸಿದಾಗೆಲ್ಲ ನಂಗೆ ಭೂಮಿ ಬಾಯ್ಬಿಡಬಾರ್ದಾ ಅನ್ನಿಸೋದು. ಅದರಲ್ಲಿ ಹೇಗ್ರೀ ಹೋಗಿ ಕೂರ್ಲಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಸೀಟಪ್ಪನಿಗೆ ನೀರು ತರಲು ಒಳಗೆ ಹೋಗುತ್ತಿದ್ದ ಅವಳ ಬೆನ್ನು ಈಗ ನೆನಪಿಗೆ ಬಂತು, ಒಂದಲ್ಲ, ನೂರು ಸಲದ ಬೆನ್ನು. "ತಪ್ಪಾಯ್ತು ಕಣೇ" ಎಂದ. "ನನ್ನ ನಾಲ್ಗೆಗೇ ಎರಡು ಹೊಲಿಗೆ ಹಾಕ್ಬೇಕಿತ್ತು."

"ಈಗ್ಲೂ ತಡವಾಗಿಲ್ಲ, ಸೂಜಿ ತರ್ಲಾ?" ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ, "ಆ ಸೀಟು ಇದ್ದ ಹಾಗೇ ಕೂರಿಸಿ. ಭಾನುವಾರ ಆಯಮ್ಮನ ಮನೆಗೆ ಹೋಗ್ಬೇಕು" ಎಂದಳು. ಯಾವುದರಲ್ಲಿ ಹೋಗುವುದು ಎಂದು ಇವನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಭಾನುವಾರ ಅವಳು ಎರಡೂ ಕಿವಿಗೆ ಓಲೆ ತೊಟ್ಟು ಹೊರಗೆ ಬಂದಳು. ಕಂಕುಳಲ್ಲಿ ಮಡಚಿದ ಹಳೆಯ ಬೆಡ್‌ಶೀಟು. ಮಗಳು ಏನೋ ಹೇಳಹೋದಳು, ಅಪ್ಪ ಕಣ್ಸನ್ನೆ ಮಾಡಿದ. ತಾಯಿ ಬಲಗಡೆಯ ಸೀಟಿನ ಮೇಲೆ ಬೆಡ್‌ಶೀಟು ಹಾಸಿ, ಸುಕ್ಕು ತೀಡಿ, ತುದಿಯಲ್ಲಿ ಕೂತಳು. ಪಕ್ಕದ ಮನೆಗೆ ಸಕ್ಕರೆ ಸಾಲ ಕೇಳಲು ಬಂದವಳ ಹಾಗೆ ಕೂತಿದ್ದಳು. ಆದರೂ ಕೂತಿದ್ದಳು. ಸೀಟಪ್ಪ ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.

ಆಯಮ್ಮ ಬಾಗಿಲಲ್ಲೇ ಸಿಕ್ಕಳು. ಕಾರು ನೋಡಿ ಬೆರಗಾಗಿ ನಿಂತವಳ ಎರಡೂ ಕೈ ಹಿಡಿದು ಸೀಟಪ್ಪನ ಹೆಂಡತಿ ಓಲೆಯ ವಿಷಯವೆಲ್ಲ ಹೇಳಿದಳು. "ನಿನ್ನ ಕಳ್ಳಿ ಅಂದ್ಕೊಂಡ್ಬಿಟ್ಟಿದ್ದೆ ಅಕ್ಕ. ಕ್ಷಮಿಸ್ಬಿಡು."

ಆಯಮ್ಮ ಕೇಳಿ ಮುಗಿಸಿ ಗಲ್ಲಕ್ಕೆ ಕೈಯಿಟ್ಟಳು. "ಅದಕ್ಕಾ ನೀನು ಮುಖ ತಿರುಗಿಸ್ತಿದ್ದಿದ್ದು? ದೊಡ್ಡ ಕಾರಲ್ಲಿ ಹೆತ್ತಿದಾಳೆ, ಅದಕ್ಕೇ ಇಷ್ಟು ಜಂಬ ಅಂತ ನಾನು ನಿನ್ನ ಬೈಕೊಂಡೇ ಇದ್ದೆನಲ್ಲೇ. ಬಿಡು, ಅಲ್ಲಿಗಲ್ಲಿಗೆ ಸರಿಹೋಯ್ತು." ಇಬ್ಬರೂ ನಕ್ಕರು, ಅತ್ತರು, ಮತ್ತೆ ನಕ್ಕರು. ನಿನ್ನ ಮೊದಲು ಎತ್ಕೊಂಡ ಕೈ ಇದು ಎಂದು ಆಯಮ್ಮ ಮಗಳ ಕೆನ್ನೆ ಹಿಂಡಿದಳು. ಒಂದು ಸುತ್ತು ಹೋಗಿ ಬರೋಣ ಎಂದಾಗ ಬೇಡವೆನ್ನಲಿಲ್ಲ. ಆಗ ತಾನೇ ಮಾಡಿದ್ದ ಟೀಯನ್ನು ಫ್ಲಾಸ್ಕಿಗೆ ಸುರಿದು, ಎರಡು ಲೋಟ ಹಿಡಿದು ಬಂದು ಎಡಗಡೆ ಕೂತಳು.

ಮಗಳು ಬೇಕೆಂದೇ ಆ ದಾರಿ ಹಿಡಿದಳೋ ಏನೋ, ರೈಲ್ವೆ ಗೇಟು ಬಂತು. ಬಂದಹಾಗೇ ಬಿತ್ತು. ಗೂಡ್ಸ್ ರೈಲು. ಮಗಳು ಇಂಜಿನ್ ನಿಲ್ಲಿಸಿದಳು. "ಇಲ್ಲೇ ಅಲ್ವಾ ಅಮ್ಮ?" ಎಂದಳು. ಹಿಂದಿನ ಸೀಟಿನಲ್ಲಿ ಹೆಂಗಸರು ಅವತ್ತಿನದನ್ನೆಲ್ಲ ನೆನೆದು, ಕೈದಿಂಬು ಕಿತ್ತುಬರುವ ಹಾಗೆ ಯಾರು ಹಿಡಿದಿದ್ದರು, ಯಾರು ಯಾರನ್ನು ಬೈದರು ಎಂದು ಮಾತಿನ ಮಳೆ ಸುರಿಸುತ್ತಿದ್ದರು. ರೈಲು ದಾಟಿತು, ಗೇಟು ಎದ್ದಿತು, ಮಗಳು ಗಾಡಿ ಎತ್ತಿದಳು. ಹಳಿಯ ಮೇಲೆ ಕಾರು ಸಣ್ಣಗೆ ಕುಲುಕಿದ್ದೇ ತಡ, ಆಯಮ್ಮನ ಲೋಟ ವಾಲಿ ಅರ್ಧ ಟೀ ಸೀಟಿನ ಮೇಲೆ ಚೆಲ್ಲಿತು.

ಆಯಮ್ಮನ ಮುಖ ಬಿಳಿಚಿತು. "ಅಯ್ಯಯ್ಯೋ, ಎಂಥಾ ಸೀಟು ಹಾಳು ಮಾಡ್ಬಿಟ್ಟೆ" ಎಂದು ಬರಿಗೈಯಲ್ಲೇ ಒರೆಸತೊಡಗಿದಳು.

ಮುಂದೆ ಕೂತಿದ್ದ ಸೀಟಪ್ಪ ತಿರುಗಿದ. ಮೂವತ್ತೈದು ವರ್ಷದ ಕಸುಬು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಅಷ್ಟರಲ್ಲಿ ಹೆಂಡತಿ ಆಯಮ್ಮನ ಕೈ ಹಿಡಿದುಕೊಂಡಿದ್ದಳು.

"ಬಿಡಕ್ಕ. ಸೀಟು ಇರೋದೇ ಕೂರೋಕೆ. ಯಾರದ್ದೋ ಅಲ್ಲ, ನಮ್ದೇ."

ಹೇಳಿದವಳು ತನ್ನ ಮಾತನ್ನು ತಾನೇ ಕೇಳಿಸಿಕೊಂಡಂತೆ ಆಯಮ್ಮನ ಕೈ ಬಿಟ್ಟಳು. ಆಮೇಲೆ ಸ್ವಲ್ಪ ಎದ್ದು, ತನ್ನ ಅಡಿಯಿಂದ ಬೆಡ್‌ಶೀಟು ಎಳೆದು, ಅದರಲ್ಲೇ ಟೀ ಒರೆಸಿ, ಮುದ್ದೆ ಮಾಡಿ ಕಾಲ ಬಳಿ ಹಾಕಿದಳು. ಹಿಂದಕ್ಕೆ ಸರಿದು ಆರಾಮಾಗಿ ಒರಗಿ ಕೂತಳು. ಅವಳ ಬೆರಳು ಸೀಟಿನ ಪಟ್ಟಿಗಳ ಮೇಲೆ ಒಂದೊಂದಾಗಿ ಆಡುತ್ತ ಎಣಿಸುತ್ತಿದ್ದದ್ದು ಸೀಟಪ್ಪನಿಗೆ ಕಾಣಿಸಿತು.

"ಹತ್ತು" ಎಂದಳು ಅವಳು.

"ಹತ್ತೇ" ಎಂದ ಸೀಟಪ್ಪ. ಹಿಂದಕ್ಕೆ ಕೈ ಚಾಚಿದ. "ಟೀ ಉಳ್ದಿದ್ರೆ ನಂಗೂ ಅರ್ಧ ಲೋಟ ಕೊಡಿ."